ಪಾಠದ ನಡುವಿನ ಆರು ದಿನ

ಐದಾರು ವರ್ಷದ ಮಗುವಿಗೆ ತಂತಿವಾದ್ಯ ಎಂದರೆ ಹಾಸನ ಸೀಮೆಯಲ್ಲಿ ಸಾಮಾನ್ಯವಾಗಿ ವೀಣೆ ಇಲ್ಲವೇ ಪಿಟೀಲು. ಅರಸೀಕೆರೆ, ಬೇಲೂರು, ಹಳೇಬೀಡಿನಲ್ಲಿ ಹೇಳಿಕೊಡುವವರು ಹತ್ತಿರ ಸಿಕ್ಕದಿದ್ದರೆ ಭಾನುವಾರ ಹಾಸನದ ಬಸ್ಸು ಹತ್ತಬೇಕು. ಪಾಠ ವಾರಕ್ಕೊಂದು. ಉಳಿದ ಆರು ದಿನ ಮನೆಯಲ್ಲಿರುವುದು ಮಗು, ವಾದ್ಯ, ಜೊತೆಗೆ ಬಹುಪಾಲು ಸಂಗೀತ ಬಾರದ ಅಪ್ಪ ಅಮ್ಮ. ಆ ಆರು ದಿನ ಏನು ನಡೆಯಿತೆಂಬುದರ ಮೇಲೆ ಏಳನೆಯ ದಿನದ ಪಾಠ ನಿಂತಿದೆ.

ಮೊದಲ ಪ್ರಶ್ನೆ ಅಳತೆಯದು. ವೀಣೆ ಸುಮಾರು ನಾಲ್ಕು ಅಡಿ ಉದ್ದ. 24 ಮೆಟ್ಟಿಲು, ನುಡಿಸಲು ನಾಲ್ಕು ತಂತಿ, ತಾಳಕ್ಕೆ ಮೂರು. ಬಲಗೈ ತಂತಿ ಹೊತ್ತ ಕುದುರೆಯ ಕಡೆ ಮೀಟುತ್ತಿರುವಾಗ ಎಡಗೈ ಇನ್ನೊಂದು ತುದಿಯ ಮೇರುವಿನ ತನಕ ಹೋಗಿಬರಬೇಕು. ಒಂದನೆಯ ತರಗತಿಯ ಮಗುವಿನ ತೋಳಿಗೆ ಅಷ್ಟು ಚಾಚು ಬಂದಿರುವುದಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಂಥ ಊರುಗಳಲ್ಲಿ ಹಲಸಿನ ಮರದಿಂದ ವೀಣೆ ಮಾಡುವ ಕುಟುಂಬಗಳಿವೆ. ಚಿಕ್ಕದನ್ನು ಹೇಳಿ ಮಾಡಿಸಬಹುದಾದರೂ ಎಂಟು ವರ್ಷದವರೆಗೆ ಕಾಯುವುದು ವಾಡಿಕೆ.

ಪಿಟೀಲಿಗೆ ಈ ತೊಡಕಿಲ್ಲ. ಹದಿನಾರನೇ ಒಂದು, ಎಂಟನೇ ಒಂದು, ಕಾಲು, ಅರೆ, ಮುಕ್ಕಾಲು, ಪೂರ್ಣ ಎಂದು ಅಳತೆಗಳಿವೆ. ಹೆಸರು ಕೇಳಿ ಮೋಸಹೋಗಬಾರದು: ಪೂರ್ಣ ಪಿಟೀಲಿನ ಒಡಲು ಸುಮಾರು 35.5 ಸೆಂಟಿಮೀಟರ್, ಅರೆಯದು ಸುಮಾರು 31. ಪಿಟೀಲನ್ನು ಕತ್ತಿನ ಬಳಿ ಇಟ್ಟು ಎಡಗೈ ಚಾಚಿದಾಗ, ಮೊಣಕೈ ಬಿಗಿಯದೆ ಬೆರಳುಗಳು ಅದರ ತುದಿಯ ಸುರುಳಿಯನ್ನು ಹಿಡಿದರೆ ಆ ಅಳತೆ ಸರಿ. ‘ಬೆಳೆಯುವ ಮಗು, ಒಂದು ಅಳತೆ ದೊಡ್ಡದೇ ಇರಲಿ’ ಎಂಬ ಲೆಕ್ಕ ಶಾಲೆಯ ಯೂನಿಫಾರಮ್ಮಿಗೆ ಸರಿ. ದೊಡ್ಡ ಪಿಟೀಲು ಹಿಡಿದ ಮಗುವಿನ ಭುಜ ಏರುತ್ತದೆ, ಮಣಿಕಟ್ಟು ಮುರಿದು ಕೂರುತ್ತದೆ. ಆ ಅಭ್ಯಾಸ ಬಿಡಿಸಲು ಆಮೇಲೆ ಗುರುಗಳು ತಿಂಗಳುಗಟ್ಟಲೆ ಹೆಣಗಬೇಕು.

ಆದರೆ ಪಿಟೀಲಿಗೆ ಮೆಟ್ಟಿಲಿಲ್ಲ. ಸ್ವರ ಎಲ್ಲಿದೆ ಎಂದು ಕಿವಿಯೇ ಹುಡುಕಬೇಕು. ವೀಣೆಯಲ್ಲಿ ಮೇಣದ ಮೇಲೆ ಕೂಡಿಸಿದ ಮೆಟ್ಟಿಲು ಸ್ವರಸ್ಥಾನವನ್ನು ಹಿಡಿದುಕೊಟ್ಟಿರುತ್ತದೆ. ಮನೆಯಲ್ಲಿ ತಿದ್ದುವವರಿಲ್ಲದ ಮಗು ಅಪಸ್ವರಕ್ಕೆ ಒಗ್ಗಿಕೊಳ್ಳುವ ಭಯ ಕಡಿಮೆ. ಹಾಗಾಗಿ ಯಾರಿಗೂ ಸ್ವರಜ್ಞಾನವಿಲ್ಲದ ಮನೆಗೆ ವೀಣೆಯೇ ಸಲೀಸು. ಅದಕ್ಕಾಗಿ ಎರಡು ವರ್ಷ ಬರೀ ಹಾಡಿಸುತ್ತಾ ಕಾದರೆ ನಷ್ಟವೇನಿಲ್ಲ.

ಹಾಡಿಸುವುದು ಎರಡು ವಾದ್ಯಕ್ಕೂ ಮೊದಲ ಮೆಟ್ಟಿಲು. ಪುರಂದರದಾಸರು ಹಾಕಿಕೊಟ್ಟದ್ದೆಂದು ಸಂಪ್ರದಾಯ ಹೇಳುವ ಕ್ರಮದಲ್ಲಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಆಮೇಲೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳು ಬರುತ್ತವೆ. ವರಸೆಗಳಿಗೆ ಮಾಯಾಮಾಳವಗೌಳ ರಾಗ. ಈ ಆಯ್ಕೆಯ ಸೊಗಸು ಪಿಟೀಲಿನ ಮೇಲೆ ಕಣ್ಣಿಗೇ ಕಾಣುತ್ತದೆ. ತಂತಿಗಳು ಸ-ಪ-ಸ-ಪ ಎಂದು ಶ್ರುತಿಯಾಗಿರುವುದರಿಂದ, ಷಡ್ಜದ ತಂತಿಯ ಮೇಲೆ ಸ ರಿ ಗ ಮ ನುಡಿಸಿದ ಬೆರಳಿನ ಅಂತರವೇ ಪಕ್ಕದ ಪಂಚಮದ ತಂತಿಯ ಮೇಲೆ ಪ ದ ನಿ ಸ ಆಗುತ್ತದೆ. ಒಂದು ತಂತಿಯ ಪಾಠ ಕೈಗೆ ಕೂತರೆ ಇನ್ನೊಂದು ಅರ್ಧ ಬಂದಂತೆ. ಮಗು ಪ್ರತಿ ವರಸೆಯನ್ನೂ ತಾಳ ಹಾಕಿ ಬಾಯಲ್ಲಿ ಹೇಳಿ, ಆಮೇಲೆ ನುಡಿಸಬೇಕು. ಬಾಯಿಗೆ ಬಾರದ ಸ್ವರ ಬೆರಳಿಗೆ ಬರುವುದು ಕಾಕತಾಳೀಯ. ಮೂರು ಕಾಲಗಳಲ್ಲಿ, ಅಂದರೆ ವೇಗಗಳಲ್ಲಿ, ಮೂರನೆಯದಕ್ಕೆ ಹಾರುವ ಆಸೆ ಮಕ್ಕಳಿಗಿಂತ ಹಿರಿಯರಿಗೆ ಹೆಚ್ಚು. ಮನೆಯಲ್ಲಿ ಒಂದನೇ ಕಾಲ ಗಟ್ಟಿಯಾದರೆ ಸಾಕು.

ಸಂಗೀತ ಬಾರದ ಹಿರಿಯರೂ ಕಲಿಯಲೇಬೇಕಾದ ಒಂದು ವಿದ್ಯೆ ಶ್ರುತಿ ಮಾಡುವುದು. ಚಿಕ್ಕ ಕೈಗೆ ಬಿರಡೆ ತಿರುಗದು, ತಿರುಗಿದರೆ ತಂತಿ ಕಿತ್ತುಹೋಗುತ್ತದೆ. ಶ್ರುತಿಪೆಟ್ಟಿಗೆಯನ್ನೋ ಮೊಬೈಲಿನ ತಂಬೂರಿಯನ್ನೋ ಹಾಕಿ, ಷಡ್ಜದ ತಂತಿ ಅದರೊಳಗೆ ಕರಗಿತೇ ಎಂದು ಕೇಳುವುದು ಕೆಲವು ವಾರಗಳಲ್ಲಿ ಯಾರಿಗಾದರೂ ಬರುತ್ತದೆ. ಜಪಾನಿನ ಪಿಟೀಲು ಶಿಕ್ಷಕ ಶಿನಿಚಿ ಸುಜುಕಿ (1898-1998) ಮಾತೃಭಾಷೆ ಕಲಿಯುವಂತೆಯೇ ಮಗು ಸಂಗೀತ ಕಲಿಯಬಲ್ಲದು ಎಂದು ನಂಬಿ, ತಂದೆ ಅಥವಾ ತಾಯಿ ಪಾಠದಲ್ಲಿ ಕೂರುವುದನ್ನೂ ಮೊದಲು ತಾವೇ ಸ್ವಲ್ಪ ನುಡಿಸುವುದನ್ನೂ ತನ್ನ ಪದ್ಧತಿಯ ಭಾಗವಾಗಿಸಿದ. ಹಾಸನ ಜಿಲ್ಲೆಗೆ ಇದು ಹೊಸ ಸಂಗತಿಯಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರಿಗೆ ಮೊದಲ ಪಾಠ ತಂದೆಯಿಂದ. ಅಣ್ಣ ವೆಂಕಟರಾಮಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ಅದೇ ವರ್ಷ ಇದೇ ಜಿಲ್ಲೆಯ ಗದ್ದವಳ್ಳಿಯಲ್ಲಿ ಹುಟ್ಟಿದ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರು ತಂದೆಯ ಬಳಿ ಆರಂಭಿಸಿ, ಆಮೇಲೆ ಮೈಸೂರಿನ ವೀಣೆ ವೆಂಕಟಗಿರಿಯಪ್ಪನವರ ಶಿಷ್ಯರಾದರು. ಅಂಥ ಮನೆಗಳಲ್ಲಿ ಮಗು ಕಲಿಯಲು ಕೂರುವ ಮೊದಲೇ ಸಾವಿರ ಸಲ ಕೇಳಿರುತ್ತಿತ್ತು. ಇಂದಿನ ಮನೆಯಲ್ಲಿ ಆ ಕೊರತೆ ತುಂಬಲು ಊಟದ ಹೊತ್ತಿನಲ್ಲಿ ಟಿ.ವಿ. ಆರಿಸಿ ವೀಣೆಯದೋ ಪಿಟೀಲಿನದೋ ಧ್ವನಿಮುದ್ರಣ ಹಾಕಬಹುದು.

ಐದಾರು ವರ್ಷದ ಮಗುವಿನ ಅಭ್ಯಾಸಕ್ಕೆ ಹದಿನೈದು ನಿಮಿಷ ಸಾಕು, ದಿನವೂ ಒಂದೇ ಹೊತ್ತಿಗೆ. ಬೆಳಿಗ್ಗೆ ಶಾಲೆಯ ಗಡಿಬಿಡಿಯಿದ್ದರೆ ಸಂಜೆ ದೀಪ ಹಚ್ಚಿದ ಮೇಲೆ. ವಾದ್ಯ ಅಟ್ಟದ ಮೇಲಿದ್ದರೆ ಅದನ್ನು ಇಳಿಸುವುದಕ್ಕೇ ಉತ್ಸಾಹ ಮುಗಿಯುತ್ತದೆ, ಕೈಗೆಟಕುವ ಮೂಲೆಯಲ್ಲಿರಲಿ. ಪಕ್ಕದಲ್ಲಿ ಕೂತವರು ತಪ್ಪು ಹುಡುಕಬೇಕಿಲ್ಲ. ಬೆನ್ನು ನೆಟ್ಟಗಿದೆಯೇ, ಕಮಾನು ಕುದುರೆಗೆ ಸಮಾನಾಂತರವಾಗಿ ಓಡುತ್ತಿದೆಯೇ, ಗುರುಗಳು ಹೇಳಿದ ಒಂದೇ ಒಂದು ತಿದ್ದುಪಡಿ ನೆನಪಿದೆಯೇ ಎಂದು ನೋಡಿದರೆ ಆಯಿತು. ಬಂದ ನೆಂಟರ ಮುಂದೆ ‘ಒಂದು ನುಡಿಸಿ ತೋರಿಸು ಪುಟ್ಟ’ ಎಂದು ಎಳೆದು ಕೂರಿಸುವುದರಿಂದ ವಾದ್ಯ ಬಿಟ್ಟ ಮಕ್ಕಳು ಎಷ್ಟೋ.

ಮೊದಲ ವಾರಗಳಲ್ಲಿ ವೀಣೆಯ ಉಕ್ಕಿನ ತಂತಿ ಬೆರಳಿನ ತುದಿ ಕೊರೆಯುತ್ತದೆ. ಚರ್ಮ ಗಟ್ಟಿಯಾಗುವ ತನಕ ಸಮಯ ಕಡಿತ ಮಾಡಬೇಕು. ಬೆರಳು ಜಾರಲು ವೈಣಿಕರು ಹಚ್ಚಿಕೊಳ್ಳುವ ತೊಟ್ಟು ಕೊಬ್ಬರಿ ಎಣ್ಣೆಗೆ ತೆಂಗಿನ ಸೀಮೆಯಾದ ಅರಸೀಕೆರೆಯಲ್ಲಂತೂ ಬರವಿಲ್ಲ. ಅದೇ ಎಣ್ಣೆ ಪಿಟೀಲಿಗೆ ಶತ್ರು. ತಲೆಗೆ ಎಣ್ಣೆ ಹಚ್ಚಿಸಿಕೊಂಡ ಮಗು ಅದೇ ಕೈಯಲ್ಲಿ ಕಮಾನಿನ ಕುದುರೆಗೂದಲು ಮುಟ್ಟಿದರೆ ರಾಳ ಹಿಡಿಯದೆ ಸ್ವರವೇ ಹೊರಡುವುದಿಲ್ಲ. ನುಡಿಸಿದ ಮೇಲೆ ಕಮಾನು ಸಡಿಲಿಸಿ, ತಂತಿಯನ್ನು ಒಣಬಟ್ಟೆಯಲ್ಲಿ ಒರೆಸಿಡಬೇಕು. ಬೇಲೂರಿನ ಕಡೆಯ ಮಳೆಗಾಲದಲ್ಲಿ ಮರ ಉಬ್ಬಿ ಬಿರಡೆ ಕಚ್ಚಿಕೊಳ್ಳುತ್ತದೆ, ತಂತಿಗೆ ತುಕ್ಕು ಬರುತ್ತದೆ. ಅರಸೀಕೆರೆಯ ಒಣ ಬೇಸಿಗೆಯಲ್ಲಿ ಬಿರಡೆ ಜಾರುತ್ತದೆ. ಅದಕ್ಕೆ ಚಿಟಿಕೆ ಸೀಮೆಸುಣ್ಣದ ಪುಡಿ ಮದ್ದು.

ರಜೆಯಲ್ಲಿ ಮಗುವನ್ನು ಹಳೇಬೀಡಿಗೋ 1117ರ ಬೇಲೂರು ಗುಡಿಗೋ ಕರೆದೊಯ್ದು ಕಲ್ಲಿನ ವಾದ್ಯಗಳನ್ನು ತೋರಿಸಬಹುದು. ಅಲ್ಲಿನ ವೀಣೆ ಇಂದಿನದಲ್ಲ. ತೆಳು ದಂಡಿಗೆ ಸೋರೆಬುರುಡೆ ಕಟ್ಟಿದ್ದು. ಇಂದಿನ 24 ಮೆಟ್ಟಿಲಿನ ರೂಪ ಬಂದದ್ದು ಹದಿನೇಳನೆಯ ಶತಮಾನದ ತಂಜಾವೂರಿನಲ್ಲಿ ಎನ್ನುತ್ತಾರೆ. ಪಿಟೀಲು ಕರ್ನಾಟಕ ಸಂಗೀತಕ್ಕೆ ಬಂದು ಸುಮಾರು ಇನ್ನೂರು ವರ್ಷವಷ್ಟೆ.

ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಮಾತು ಗೀತೆಗಳೆಲ್ಲ ಮುಗಿದ ಮೇಲಿನದು. ಏಳು ವರ್ಷಕ್ಕೆ ಪ್ರಮಾಣಪತ್ರ ತರಿಸುವ ಅವಸರಕ್ಕೆ ಅರ್ಥವಿಲ್ಲ. ತಾನೇ ಬಿರಡೆ ತಿರುಗಿಸಿ ಶ್ರುತಿ ಕೂಡಿಸಿಕೊಳ್ಳಲು ಮಗುವಿಗೆ ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ ತುಂಬಬೇಕು. ಅಲ್ಲಿಯವರೆಗೆ ಆ ಕೆಲಸ ಮನೆಯ ಹಿರಿಯರದು.