ಗರ್ಭಿಣಿಯ ಊಟದ ಸರದಿ

ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನ ಮಸರಕಲ್ ಹಾಗೂ ಅದರ ಸುತ್ತಣ ಹಳ್ಳಿಗಳ ಅಡುಗೆಮನೆಯನ್ನು ಬಲ್ಲವರಿಗೆ, ಗರ್ಭಿಣಿಯ ಆಹಾರವನ್ನು ಎಲ್ಲಿಂದಲೋ ತರಿಸಬೇಕೆಂದು ತೋರದು. ಜೋಳದ ರೊಟ್ಟಿ, ಚಳಿಗಾಲಕ್ಕೆ ಸಜ್ಜೆಯ ರೊಟ್ಟಿ, ತೊಗರಿಬೇಳೆ, ಹೆಸರು, ಮಡಿಕೆಕಾಳು, ಪುಂಡಿಪಲ್ಯ, ಮೆಂತ್ಯದ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳಿನ ಪುಡಿ, ಮಜ್ಜಿಗೆ: ಇವೆಲ್ಲ ಆ ನೆಲದಲ್ಲೇ ಹುಟ್ಟಿ ಆ ಒಲೆಯ ಮೇಲೆಯೇ ಬೇಯುವಂಥವು. ಆದರೂ ಬಸುರಿಯರ ಮುಖದ ಬಿಳಿಚಿಕೆ ಅಲ್ಲಿ ಯಾರಿಗೂ ಹೊಸತಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ಗರ್ಭಿಣಿಯರಲ್ಲಿ ಶೇಕಡ 52.2ರಷ್ಟು ಮಂದಿ ರಕ್ತಹೀನತೆಯುಳ್ಳವರು. ಹೆರಿಗೆಯ ಹೊತ್ತಿನ ರಕ್ತಸ್ರಾವವನ್ನು ಮೈಯಲ್ಲಿ ರಕ್ತವಿದ್ದವಳು ತಾಳಿಕೊಂಡಾಳು. ಇಲ್ಲದವಳಿಗೆ ಅಷ್ಟೇ ಸ್ರಾವ ಪ್ರಾಣಾಂತಿಕವಾಗಬಹುದು.

ಆದುದರಿಂದ ಅಡುಗೆಮನೆಯಲ್ಲಿ ಏನಿದೆ ಎಂಬುದಕ್ಕಿಂತ, ಅದು ಅವಳ ತಾಟಿಗೆ ಯಾವಾಗ ಬರುತ್ತದೆ ಎಂಬುದೇ ವಿಚಾರಣೀಯ. ಮೊದಲು ಗಂಡಸರು, ಬಳಿಕ ಮಕ್ಕಳು, ಅತ್ತೆ, ಕೊನೆಗೆ ಸೊಸೆ. ಅವಳ ಸರದಿ ಬರುವಷ್ಟರಲ್ಲಿ ಪಲ್ಯದ ಬೋಗುಣಿ ಬರಿದಾಗಿ, ರೊಟ್ಟಿ ಮತ್ತು ಖಾರ ಉಳಿದಿರುತ್ತವೆ. ಯಾರೂ ಅವಳಿಗೆ ಬೇಡವೆಂದಿರುವುದಿಲ್ಲ. ಯಾರೂ ಅವಳನ್ನು ಕೂರಿಸಿ ಬಡಿಸಿಯೂ ಇರುವುದಿಲ್ಲ. ಗರ್ಭದ ಎರಡನೆಯ ಮೂರು ತಿಂಗಳಿನಿಂದ ದಿನಕ್ಕೆ ಸುಮಾರು 350 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂಬುದು ಭಾರತೀಯ ಪೋಷಣಾ ತಜ್ಞರ ಲೆಕ್ಕ. ಹಳ್ಳಿಯ ಲೆಕ್ಕದಲ್ಲಿ ಅದು ಒಂದು ರೊಟ್ಟಿ, ಒಂದು ಬಟ್ಟಲು ಗಟ್ಟಿ ಬೇಳೆ, ಒಂದು ಲೋಟ ಹಾಲು; ಬಡ ಮನೆಗೂ ಇದು ಅಸಾಧ್ಯವಾದ ಭಾರವಲ್ಲ.

ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂಬ ಅಂಜಿಕೆಯೂ ಇದರೊಡನೆ ಸೇರಿಕೊಂಡಿದೆ. ಇದು ಒಂದು ಸೀಮೆಯ ನಂಬಿಕೆಯಲ್ಲ. ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ದಂಪತಿಗಳು ದಕ್ಷಿಣ ಕನ್ನಡದಲ್ಲಿ ನಡೆಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ಅನ್ನ ಮತ್ತು ಶಿಶು ಹೊಟ್ಟೆಯ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆಂಬ ಭಾವನೆ ಕಂಡುಬಂದಿತ್ತು. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಅಡ್ಡಗಟ್ಟಿದ ಹೆರಿಗೆಯೆಂದರೆ ಸಾವೇ ಆಗಿತ್ತು. ಆ ಭಯವನ್ನು ಅಜ್ಞಾನವೆಂದು ಹಳಿಯುವುದು ಸುಲಭ, ನ್ಯಾಯವಲ್ಲ. ಆದರೆ ತಾಯಿ ಉಪವಾಸವಿದ್ದರೆ ಹೆರಿಗೆ ಹಗುರಾಗುವುದಿಲ್ಲ; ತೂಕ ಕಡಿಮೆಯಾದ ಕೂಸು ಹುಟ್ಟೀತು, ಬಳಲಿದ ತಾಯಿ ಉಳಿದಾಳು.

ಈಚಿನ ದಶಕಗಳಲ್ಲಿ ತಾಟಿನ ಸ್ವರೂಪವೂ ಬದಲಾಯಿತು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿದ ಮೇಲೆ ದೇವದುರ್ಗದ ಹೊಲಗಳಲ್ಲಿ ಭತ್ತ ಬಂದಿತು, ಪಡಿತರದ ಅಕ್ಕಿ ಮನೆಗೆ ಬಂದಿತು. ಹಸಿವು ತಗ್ಗಿದ್ದು ಅಲ್ಪ ಸಂಗತಿಯಲ್ಲ. ಆದರೆ ಜೋಳ, ಸಜ್ಜೆಗಳಲ್ಲಿರುವಷ್ಟು ಕಬ್ಬಿಣ ಬಿಳಿಯ ಅಕ್ಕಿಯಲ್ಲಿಲ್ಲ. ಸೊಪ್ಪು ಕಾಳುಗಳ ಕಬ್ಬಿಣವೂ ತಾನಾಗಿ ಮೈಗೆ ಹತ್ತುವುದು ಕಡಿಮೆ. ಅದರ ಮೇಲೆ ನಿಂಬೆ ಹಿಂಡಿದರೆ, ಕಾಳನ್ನು ಮೊಳಕೆ ಬರಿಸಿದರೆ ಹೆಚ್ಚು ಹತ್ತುತ್ತದೆ. ಉಂಡ ಕೂಡಲೇ ಕುಡಿಯುವ ಚಹಾ ಆ ಗಳಿಕೆಯನ್ನೆಲ್ಲ ಕಳೆಯುತ್ತದೆ. ಬೆಲ್ಲದಿಂದಲೇ ರಕ್ತ ತುಂಬುವುದೆಂಬ ಮಾತಿನಲ್ಲಿ ಅತಿಶಯವಿದೆ. ಎಳ್ಳು ಉಷ್ಣವೆಂದು ಬಿಡಿಸುವುದರಿಂದ ನಷ್ಟವೇ ಹೆಚ್ಚು. ಪರಂಗಿಯ ವಿಷಯದಲ್ಲಿ ಹಿರಿಯರ ಎಚ್ಚರಿಕೆ ಕಾಯಿಗೆ ಸಲ್ಲುತ್ತದೆ, ಚೆನ್ನಾಗಿ ಮಾಗಿದ ಹಣ್ಣಿಗಲ್ಲ.

ಗರ್ಭಿಣಿಯ ಸಣ್ಣಪುಟ್ಟ ಬಾಧೆಗಳಿಗೆ ಮನೆಯ ಉಪಾಯಗಳು ಬಹುಮಟ್ಟಿಗೆ ಸಾಲುತ್ತವೆ. ಬೆಳಗಿನ ವಾಕರಿಕೆ ಬರಿಹೊಟ್ಟೆಯಲ್ಲಿ ಬಲಿಯುವುದರಿಂದ ಹಾಸಿಗೆ ಬಿಡುವ ಮೊದಲೇ ಒಂದು ಹಿಡಿ ಚುರುಮುರಿಯನ್ನೋ ಒಣರೊಟ್ಟಿಯ ತುಣುಕನ್ನೋ ತಿಂದು, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಉಣ್ಣುವುದು ಹಿತ. ಶುಂಠಿಯನ್ನು ಆಚರಿಸುವವರ ಮನೆಯಲ್ಲಿ ತುಸು ಶುಂಠಿಯ ಕಷಾಯವೂ ಉಪಕಾರಿ. ಎದೆಯುರಿಯಿದ್ದಾಗ ಆ ಸೀಮೆಯ ಖಾರವನ್ನು ಕೆಲವು ತಿಂಗಳು ತಗ್ಗಿಸಿ, ಉಂಡೊಡನೆ ಮಲಗದಿರಬೇಕು. ಮಲಬದ್ಧತೆಗೆ ನೀರು, ಸೊಪ್ಪು, ನೆನೆಸಿದ ಅಂಜೂರ. ಔಡಲೆಣ್ಣೆಯ ಭೇದಿ ಮಾತ್ರ ಸಲ್ಲದು, ಅದು ಗರ್ಭಾಶಯವನ್ನು ಕೆರಳಿಸಬಹುದು. ಸಂಜೆಗೆ ಪಾದ ಬಾತರೆ ಎಡಮಗ್ಗುಲಾಗಿ ಮಲಗಿ ವಿಶ್ರಮಿಸಿದರೆ ಇಳಿದೀತು. ಮುಖ, ಕೈಗಳು ಬಾತು, ತಲೆನೋವು ಬಿಡದೆ, ಕಣ್ಣು ಮಂಜಾದರೆ ಅದು ಮನೆಮದ್ದಿನ ಮಾತಲ್ಲ. ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಬೇಕು. ಕೆಮ್ಮಣ್ಣು, ಬೂದಿ, ಬಳಪ ತಿನ್ನುವ ಆಸೆಯನ್ನು ಬಯಕೆಯೆಂದು ನಕ್ಕು ಬಿಡುವುದು ರೂಢಿ. ಅದು ಬಹುವೇಳೆ ಕಬ್ಬಿಣದ ಕೊರತೆಯ ಕುರುಹು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕು. ಸಹಜ ಆಹಾರವೆಂಬುದು ಮಾತ್ರೆಯ ಶತ್ರುವಲ್ಲ. ಬಸುರಿಗೆ ದಿನಕ್ಕೆ ಬೇಕಾದ ಕಬ್ಬಿಣ 27 ಮಿಲಿಗ್ರಾಂ. ಆಗಲೇ ರಕ್ತ ಕಡಿಮೆಯಿದ್ದವಳು ಊಟದಿಂದಲೇ ಆ ಕೊರತೆಯನ್ನು ತುಂಬುವಷ್ಟರಲ್ಲಿ ಒಂಬತ್ತು ತಿಂಗಳು ಮುಗಿದಿರುತ್ತದೆ. ಸರಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೆಯ ತಿಂಗಳಿನಿಂದ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ. ಮಲ ಕಪ್ಪಾಗುವುದನ್ನು ಕಂಡು ಹೆದರಿ ಮಾತ್ರೆಗಳನ್ನು ಹಿತ್ತಿಲಿಗೆ ಎಸೆಯುವವರಿದ್ದಾರೆ. ಬಣ್ಣ ಬದಲಾಗುವುದು ಸಹಜ. ಹೊಟ್ಟೆ ತೊಳಸಿದರೆ ಊಟದ ನಂತರ, ಸುಣ್ಣದ ಮಾತ್ರೆಯೊಂದಿಗೆ ಬೆರೆಸದೆ, ನಿಂಬೆಯ ಪಾನಕದೊಂದಿಗೆ ನುಂಗಬಹುದು.

ನೀರಿನ ವಿಚಾರವೂ ಈ ಜಿಲ್ಲೆಯಲ್ಲಿ ಉಪೇಕ್ಷಣೀಯವಲ್ಲ. ರಾಯಚೂರು ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಗರ್ಭಿಣಿಯರು ಅದನ್ನು ವರ್ಜಿಸಿದಾಗ ರಕ್ತದ ಮಟ್ಟ ಏರಿತೆಂದು ಎ.ಕೆ. ಸುಶೀಲಾ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ್ದಾರೆ. ಅಜೀರ್ಣಕ್ಕೆ ಸಹಜವೆಂದು ಸೇವಿಸುವ ಕಪ್ಪುಪ್ಪಿನಲ್ಲಿಯೂ ಫ್ಲೋರೈಡ್ ಇರುತ್ತದೆಂಬುದನ್ನು ನೆನೆಯಬೇಕು.

ಶಾಕಾಹಾರಿ ಮನೆಗಳಿಗೆ ಇನ್ನೆರಡು ಮಾತು. ಬಿ–12 ಜೀವಸತ್ವ ಧಾನ್ಯ ಸೊಪ್ಪುಗಳಲ್ಲಿಲ್ಲ. ಹಾಲು ಮೊಸರುಗಳನ್ನು ಬಿಡದೆ, ವೈದ್ಯರನ್ನು ಕೇಳಿ ಕೊರತೆಯನ್ನು ನೀಗಿಸಿಕೊಳ್ಳಬೇಕು. ವ್ರತೋಪವಾಸಗಳಲ್ಲಿ ನಿಷ್ಠೆಯುಳ್ಳ ಸೊಸೆ ಬಸುರಿನಲ್ಲಿಯೂ ಅವನ್ನು ಬಿಡಲೊಲ್ಲಳು. ಬಿಟ್ಟರೆ ಮನೆಯವರು ಏನೆಂದಾರೋ ಎಂಬ ಅಳುಕೂ ಇರುತ್ತದೆ. ಷೋಡಶ ಭಾವನೆಗಳಲ್ಲಿ ತಪಸ್ಸನ್ನು ಹೇಳಿದಾಗ ಶಕ್ತಿಗನುಸಾರವಾಗಿ ಎಂದೇ ಹೇಳಿದೆ. ಅವಳ ಶಕ್ತಿಯಲ್ಲಿ ಪಾಲು ಬೇಡುವ ಮತ್ತೊಂದು ಜೀವ ಆಗ ಅವಳೊಳಗಿದೆ. ಅವಳಾಗಿ ಕೇಳುವ ಮೊದಲು ಅತ್ತೆಯೇ ಪಾರಣೆ ಮಾಡಿಸಬೇಕು.

ದೇವದುರ್ಗದ ನೆರೆಯ ಮಾನ್ವಿ, 2017ರಲ್ಲಿ ಕರ್ನಾಟಕ ಸರಕಾರ ಮಾತೃಪೂರ್ಣ ಯೋಜನೆಯನ್ನು ಮೊದಲು ಪ್ರಯೋಗಿಸಿದ ಕೆಲವೇ ತಾಲೂಕುಗಳಲ್ಲೊಂದು. ಅದೇ ವರ್ಷದ ಅಕ್ಟೋಬರ್ 2ರಂದು ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಅನ್ನ, ಸಾರು, ಪಲ್ಯ, ಹಾಲು, ಶೇಂಗಾ ಚಿಕ್ಕಿ, ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು. ಮನೆಗೊಯ್ಯುವ ಪಡಿಯ ಬದಲು ಅಂಗನವಾಡಿಯಲ್ಲಿಯೇ ಕುಳಿತು ಉಣ್ಣಬೇಕೆಂಬ ನಿಯಮದ ಹಿಂದೆ ಒಂದು ಅನುಭವವಿತ್ತು: ಮನೆಗೆ ಹೋದ ಪಡಿ ಎಲ್ಲರ ಪಾಲಾಗುತ್ತದೆ. ತುಂಬು ಬಸುರಿ ಬಿಸಿಲಿನಲ್ಲಿ ನಡೆದು ಹೋಗುವ ಕಷ್ಟ, ಹೊಲದ ಕೂಲಿ ತಪ್ಪುವ ಚಿಂತೆ, ಸೊಸೆ ಹೊರಗೆ ಕುಳಿತು ಉಂಡಳೆಂಬ ಹಿರಿಯರ ಮುಜುಗರ ಇವು ಅದಕ್ಕೆ ಅಡ್ಡಿಯಾದವು. ಆ ಹಿರಿಯರೇ ಕುಬಸದ ದಿನ ಅವಳಿಗೆ ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ, ಐದು ಬಗೆಯ ಅಡುಗೆಯನ್ನು ಮೊದಲು ಅವಳಿಗೇ ಬಡಿಸುತ್ತಾರೆ. ಮರುದಿನ ಬೆಳಗ್ಗೆ ರೊಟ್ಟಿ ಬಡಿಯುವವಳು ಅವಳೇ, ಕೊನೆಗೆ ಉಣ್ಣುವವಳೂ ಅವಳೇ.