ಕುರೂಪಿಯ ಕುಲಗೋತ್ರ

ಮೀನಿನ ಗುರುತು ಹಿಡಿಯುವುದರಲ್ಲಿ ನಾನು ಯಾರಿಗೂ ಸೋಲುವವಳಲ್ಲವೆಂಬ ಗರ್ವವು ನನಗೆ ಬಹುಕಾಲದಿಂದಲೂ ಇದ್ದಿತು. ಮಲ್ಪೆಯ ಕಡಲಿಗೆ ಎರಡು ಹರದಾರಿಯೊಳಗೆ ಹುಟ್ಟಿ ಬೆಳೆದವಳು ನಾನು. ಬುಟ್ಟಿಯೊಳಗಿರುವುದು ಬಂಗುಡೆಯೋ ಬೂತಾಯಿಯೋ, ನಿನ್ನೆಯದೋ ಇಂದಿನದೋ ಎಂಬುದನ್ನು ಕಿವಿರನ್ನೆತ್ತಿ ನೋಡಿದೊಡನೆಯೇ ಹೇಳಬಲ್ಲೆನು. ಇಂತಹ ನನ್ನ ಗರ್ವವು 2018ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ, ಸಮುದ್ರದ ಸುಳಿವೇ ಇಲ್ಲದ ಒಂದು ಹಿಮದ ನಾಡಿನಲ್ಲಿ, ಒಂದೇ ಒಂದು ಮೀನಿನ ಮುಂದೆ ಇಳಿದುಹೋಯಿತು.

ಮಗಳ ಚೊಚ್ಚಲ ಹೆರಿಗೆಗೆಂದು ನಾನು ಅಮೆರಿಕೆಗೆ ಹೋಗಿದ್ದೆನು. ಅಳಿಯಂದಿರು ಮಿನ್ನೆಸೋಟಾ ಸಂಸ್ಥಾನದ ಉತ್ತರಭಾಗದ ಒಂದು ಸಣ್ಣ ಊರಿನಲ್ಲಿ ವೈದ್ಯರು. ಮನೆಯಿಂದ ಸ್ವಲ್ಪ ದೂರದಲ್ಲಿಯೇ ಲೀಚ್ ಎಂಬ ದೊಡ್ಡ ಸರೋವರ. ನಮ್ಮ ಮಾತಿನಲ್ಲಿ ಹೇಳುವುದಾದರೆ ಜಿಗಣೆಯ ಕೆರೆ! ನಾನು ಕಂಡಾಗ ಅಲ್ಲಿ ಹನಿ ನೀರೂ ಕಾಣುತ್ತಿರಲಿಲ್ಲ. ಮೇಲೆಲ್ಲ ಬಂಡೆಯಂತೆ ಗಟ್ಟಿಯಾದ ಮಂಜುಗಡ್ಡೆ. ಅದರ ಮೇಲೆ ಮೋಟಾರು ಬಂಡಿಗಳನ್ನು ಓಡಿಸುತ್ತಾರೆ, ಮರದ ಗುಡಿಸಲುಗಳನ್ನಿಟ್ಟು ಒಳಗೆ ಒಲೆ ಹೊತ್ತಿಸಿಕೊಳ್ಳುತ್ತಾರೆ, ಗಡ್ಡೆಯಲ್ಲಿ ತೂತು ಕೊರೆದು ಗಾಳ ಬಿಟ್ಟು ಕುಳಿತಿರುತ್ತಾರೆ.

ಹೆರಿಗೆಯು ಸುಸೂತ್ರವಾಗಿ ಆಯಿತು. ಆದರೆ ಮಗಳಿಗೆ ಅನ್ನ ಸೇರದಾಯಿತು. ಹನ್ನೆರಡು ದಿನಗಳಾದರೂ ಮುಖದಲ್ಲಿ ಕಳೆಯಿರಲಿಲ್ಲ. ಹೊರಗೆ ಬೇಗನೆಯೇ ಸಂಜೆಯ ಮಬ್ಬು. ಒಳಗೆ ಅವಳು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕಣ್ಣೀರಿಡುತ್ತಿದ್ದಳು. ಒಂದು ದಿನ, “ಅಮ್ಮ, ಊರಿನ ತಾಟೆಯ ಸಾರಿನಲ್ಲಿ ಎರಡು ತುತ್ತು ಅನ್ನ ಸಿಕ್ಕಿದ್ದರೆ!” ಎಂದಳು. ಬಾಣಂತಿಗೆ ಹಾಲು ಹೆಚ್ಚಲೆಂದು ಮರಿತಾಟೆಯನ್ನು ಬೇಯಿಸಿಕೊಡುವುದು ನಮ್ಮ ಕಡೆಯ ರೂಢಿ. ನನ್ನ ತಾಯಿ ನನಗೆ ಮಾಡಿಕೊಟ್ಟುದನ್ನು ನನ್ನ ಮಗಳಿಗೆ ಮಾಡಿಕೊಡಲಾರದೆ ಹೋದೆನಲ್ಲಾ ಎಂದು ನನಗೆ ಬಹಳ ಸಂಕಟವಾಯಿತು.

ಮರುದಿನ ಬೆಳಗ್ಗೆ ನೆರೆಮನೆಯ ಮುದುಕರು ಬಾಗಿಲು ತಟ್ಟಿ ಒಂದು ಬಕೀಟನ್ನು ಇಟ್ಟುಹೋದರು. ಹೆರಿಗೆಯ ಮನೆಗೆ ಏನಾದರೂ ಕೊಡಬೇಕೆಂಬ ಸದ್ಭಾವ ಅವರದು. ನಾನು ಬಗ್ಗಿ ನೋಡಿದೆನು. ನೋಡಿ ಹಿಂದೆ ಸರಿದೆನು. ಮೊಳಕ್ಕಿಂತಲೂ ಉದ್ದವಾದ ಪ್ರಾಣಿ. ಕಪ್ಪೆಯಂತೆ ಚಪ್ಪಟೆಯಾದ ಅಗಲ ತಲೆ, ಹಾವಿನಂತೆ ಸಪೂರವಾಗುತ್ತ ಹೋದ ಮೈ, ಹಳದಿ ಕಂದು ಕಪ್ಪುಗಳ ಮಚ್ಚೆ, ಮೈತುಂಬ ಲೋಳೆ, ಜೋಲುವ ಹೊಟ್ಟೆ. ಕೈಯಿಂದ ಎತ್ತಿದೊಡನೆ ಬಾಲವನ್ನು ನನ್ನ ಮುಂಗೈಗೆ ಸುತ್ತಿಬಿಟ್ಟಿತು! ಮಗಳು ದೂರದಿಂದಲೇ ಕಂಡು, “ಅಯ್ಯೋ ಅಮ್ಮ, ಅದನ್ನು ಬಿಸಾಡು. ಇಲ್ಲಿಯ ಜನವೇ ಎಷ್ಟೋ ಮಂದಿ ಅದನ್ನು ಮುಟ್ಟದೆ ಮಂಜಿನ ಮೇಲೆ ಎಸೆದುಹೋಗುತ್ತಾರಂತೆ” ಎಂದಳು.

ಬಿಸಾಡಲು ನನಗೆ ಮನಸ್ಸು ಬರಲಿಲ್ಲ. ತೊರಕೆಯೇನು ಸುಂದರವೆ? ಆದರೂ ಅದರ ಸಾರಿನ ರುಚಿಯನ್ನು ಬಲ್ಲವರು ಬಲ್ಲರು. ಆದರೆ ಹೆಸರು ತಿಳಿಯದ ಮೀನನ್ನು ಬಾಣಂತಿಯ ಎಲೆಗೆ ಬಡಿಸುವುದೆಂತು? ಅವಳು ತಿಂದುದರ ಪಾಲು ಹದಿಮೂರು ದಿನದ ಕೂಸಿಗೂ ಸಲ್ಲುವುದಷ್ಟೆ. ಅದಲ್ಲದೆ ಆ ಸಂಸ್ಥಾನದ ಆರೋಗ್ಯ ಇಲಾಖೆಯವರು, ಮೀನಿನ ಮೈಯಲ್ಲಿ ಸೇರಿರಬಹುದಾದ ಪಾದರಸದ ಕಾರಣದಿಂದ, ಬಸುರಿ ಬಾಣಂತಿಯರು ಯಾವ ಮೀನನ್ನು ಎಷ್ಟು ತಿನ್ನಬಹುದೆಂದು ಮೀನಿನ ಜಾತಿಯನ್ನೂ ಸರೋವರವನ್ನೂ ನೋಡಿ ಮಿತಿಯನ್ನು ಹೇಳುತ್ತಾರೆಂದು ಅಳಿಯಂದಿರು ಎಚ್ಚರಿಸಿದರು. ಜಾತಿಯೇ ತಿಳಿಯದಿದ್ದರೆ ಮಿತಿಯೆಲ್ಲಿ?

ಮುದುಕರನ್ನು ಕೇಳಿದುದಕ್ಕೆ ಅವರು ಅದಕ್ಕೆ ‘ಈಲ್‌ಪೌಟ್’ ಎನ್ನುತ್ತಾರೆಂದೂ, ಕೆಲವರು ‘ಲಾಯರ್’, ಅಂದರೆ ವಕೀಲ, ಎಂದು ಕರೆಯುತ್ತಾರೆಂದೂ ಹೇಳಿ ನಕ್ಕರು. ಅಡ್ಡಹೆಸರುಗಳಿಂದ ನನಗೆ ಸಮಾಧಾನವಾಗಲಿಲ್ಲ. ಅಳಿಯಂದಿರು ಊರಿನ ಪುಸ್ತಕಾಲಯದಿಂದ ಚಿತ್ರಗಳುಳ್ಳ ಮತ್ಸ್ಯಗ್ರಂಥವೊಂದನ್ನು ತಂದರು. ಅವರು ಓದಿ ಹೇಳುತ್ತ ಹೋದಂತೆ ನಾನು ಮೀನನ್ನು ಹಲಗೆಯ ಮೇಲಿಟ್ಟು ಒಂದೊಂದು ಅಂಗವನ್ನೂ ನೋಡುತ್ತ ಹೋದೆನು.

ಮೊದಲು ನಾನು ಇದನ್ನು ನಮ್ಮ ಮುಗುಡಿನ ಬಂಧುವೆಂದೆಣಿಸಿದ್ದೆನು. ಆದರೆ ಆ ದೇಶದ ಮುಗುಡಿನ ಜಾತಿಗಳಿಗೆ ಎಂಟು ಮೀಸೆಗಳು, ರೆಕ್ಕೆಗಳಲ್ಲಿ ಚುಚ್ಚುವ ಮುಳ್ಳು. ಇದಕ್ಕಾದರೋ ಗಲ್ಲದ ನಟ್ಟನಡುವೆ ಒಂದೇ ಒಂದು ಮೀಸೆ! ಹಾವುಮೀನೆನ್ನೋಣವೆಂದರೆ ಅದಕ್ಕೆ ಬೆನ್ನಿನಿಂದ ಬಾಲದವರೆಗೆ ಒಂದೇ ರೆಕ್ಕೆ; ಇದಕ್ಕೆ ಬೆನ್ನಿನ ಮೇಲೆ ಎರಡು: ಮುಂದಿನದು ಗಿಡ್ಡ, ಹಿಂದಿನದು ಬಾಲದವರೆಗೂ ಉದ್ದ, ಕೆಳಗೂ ಅಷ್ಟೇ ಉದ್ದವಾದ ಇನ್ನೊಂದು. ಅಲ್ಲಿಯ ನೀರಿನಲ್ಲಿ ‘ಬೋಫಿನ್’ ಎಂಬ ಇನ್ನೊಂದು ಕುರೂಪಿಯುಂಟು. ಅದರ ಬೆನ್ನಿಗೆ ಒಂದೇ ನೀಳ ರೆಕ್ಕೆ, ದವಡೆಯ ಕೆಳಗೆ ಎಲುಬಿನ ಫಲಕ, ಗಲ್ಲಕ್ಕೆ ಮೀಸೆಯಿಲ್ಲ. ಇದರ ಮೈಯನ್ನು ಬೆರಳಿನಿಂದ ಸವರಿದರೆ ಹುರುಪೆಯೇ ಇಲ್ಲವೆನಿಸುವುದು. ಇರುವ ಹುರುಪೆಗಳು ಅತಿ ಸಣ್ಣವು, ಚರ್ಮದೊಳಗೆ ಹುದುಗಿದವು. ಲಕ್ಷಣಗಳೆಲ್ಲವೂ ಒಂದೇ ಚಿತ್ರಕ್ಕೆ ಕೂಡಿಬಂದವು. ‘ಬರ್ಬಟ್’ ಎಂಬುದೇ ಇದರ ಸಭ್ಯವಾದ ಹೆಸರು.

“ಶಾಸ್ತ್ರದಲ್ಲಿ ಏನೆನ್ನುತ್ತಾರೆ?” ಎಂದು ಕೇಳಿದೆನು. ಅಳಿಯಂದಿರು ಗಂಭೀರವಾಗಿ, “ಲೋಟ ಲೋಟ” ಎಂದರು. ಕೋಣೆಯೊಳಗಿನಿಂದ ನಗು ಕೇಳಿಸಿತು. “ಹಾಲಿನ ಲೋಟವೋ, ಕಾಫಿಯ ಲೋಟವೋ?” ಎಂದು ಮಗಳು ಮಗುವನ್ನೆತ್ತಿಕೊಂಡು ಹೊರಗೆ ಬಂದಳು. ಬಾಣಂತನದಲ್ಲಿ ಅವಳು ನಕ್ಕುದು ಅದೇ ಮೊದಲು.

ಇದರ ಕುಲವನ್ನು ತಿಳಿದಾಗ ನನಗೆ ಇನ್ನಷ್ಟು ಆಶ್ಚರ್ಯವಾಯಿತು. ಇದು ಕಾಡ್ ಮೀನಿನ ವಂಶದ್ದಂತೆ. ಲಿನೇಯಸ್ ಪಂಡಿತನು 1758ರಲ್ಲಿಯೇ ಇದನ್ನು ಆ ಗುಂಪಿಗೆ ಸೇರಿಸಿದ್ದನು. ಬಂಧುಗಳೆಲ್ಲರೂ ಕಡಲಿನಲ್ಲಿ, ಸಿಹಿನೀರನ್ನೇ ಮನೆಯಾಗಿ ಮಾಡಿಕೊಂಡದ್ದು ಇದೊಂದೇ. ಉಳಿದ ಮೀನುಗಳು ಚಳಿಗೆ ಮುದುಡಿರುವಾಗ ಇದು ಚುರುಕಾಗಿ, ನಡುಚಳಿಗಾಲದ ಕತ್ತಲೆಯಲ್ಲಿ, ಮಂಜುಗಡ್ಡೆಯ ಅಡಿಯಲ್ಲಿಯೇ ಮೊಟ್ಟೆಯಿಡುವುದು. ಕಡಲ ತೀರದಲ್ಲಿ ಹುಟ್ಟಿ, ಹಿಮದ ಊರಿನಲ್ಲಿ ಒಬ್ಬಳೇ ಸಂಸಾರ ಹೂಡಿ, ಅದೇ ಚಳಿಯಲ್ಲಿ ಹೆತ್ತ ನನ್ನ ಮಗಳ ಕಡೆಗೆ ನನ್ನ ಕಣ್ಣು ತಾನಾಗಿಯೇ ಹೊರಳಿತು. ಅಷ್ಟು ದಿನವೂ ನಾನು ಅವಳ ಅಳುವನ್ನು ಕಂಡು ಮರುಗುತ್ತಿದ್ದೆನು. ಅವಳ ಧೈರ್ಯವನ್ನು ಕಂಡಿರಲಿಲ್ಲ.

ಇನ್ನು ಅಡಿಗೆಯ ಮಾತು. ಕಾಡ್ ಮೀನಿನದರಂತೆ ಇದರ ಪಿತ್ತಜನಕಾಂಗವೂ, ಎಂದರೆ ಈಲಿಯೂ, ದೊಡ್ಡದು, ಎ ಮತ್ತು ಡಿ ಜೀವಸತ್ವಗಳಿಂದ ತುಂಬಿದುದು. ಆ ಸಂಸ್ಥಾನದ ಉತ್ತರದಂಚಿನ ಬಾಡೆಟ್ ಎಂಬ ಊರಿನಲ್ಲಿ 1930ರ ದಶಕದಲ್ಲಿ ಅದರ ಎಣ್ಣೆಯನ್ನು ತೆಗೆದು ಔಷಧವಾಗಿ ಮಾರುತ್ತಿದ್ದರು. ಆದರೆ ಎ ಜೀವಸತ್ವವು ಮಿತಿಮೀರಿದರೆ ಕೇಡು. ಕಲ್ಮಷಗಳು ಸೇರುವುದೂ ಅಲ್ಲಿಯೇ. ಆದುದರಿಂದ ಅದನ್ನು ತೆಗೆದುಹಾಕಿದೆನು. ಇದರ ಮಾಂಸದಲ್ಲಿ ಲಾಡಿಹುಳುವಿನ ಮರಿಗಳಿರುವ ಸಂಭವವೂ ಉಂಟು. ಚೆನ್ನಾಗಿ ಬೇಯಿಸಿದರೆ ಭಯವಿಲ್ಲ. ಕುತ್ತಿಗೆಯ ಸುತ್ತ ಕೊಯ್ದು ಚರ್ಮವನ್ನು ಎಳೆದರೆ ಅಂಗಿ ಕಳಚಿದಂತೆ ಬಂದುಬಿಡುವುದು. ಒಳಗೆ ಕಂಡುದು ಮಲ್ಲಿಗೆಯಂತೆ ಬಿಳಿಯ, ಗಟ್ಟಿಯಾದ ಮಾಂಸ. ಸಣ್ಣ ಮುಳ್ಳುಗಳ ಕಾಟವೇ ಇಲ್ಲ. ಅಲ್ಲಿಯ ಜನರಲ್ಲಿ ರುಚಿ ಬಲ್ಲವರು ಇದನ್ನು ಉಪ್ಪುನೀರಿನಲ್ಲಿ ಬೇಯಿಸಿ, ಕರಗಿದ ಬೆಣ್ಣೆಯಲ್ಲಿ ಅದ್ದಿ ತಿಂದು, ‘ಬಡವರ ಲಾಬ್ಸ್ಟರ್’ ಎನ್ನುತ್ತಾರೆ. ನಾನು ಕಾಳುಮೆಣಸು, ಬೆಳ್ಳುಳ್ಳಿಗಳನ್ನು ಅರೆದು, ಊರಿನಿಂದ ತಂದ ಪುನರ್ಪುಳಿಯ ಸಿಪ್ಪೆಯನ್ನು ಹಾಕಿ, ಡಬ್ಬಿಯ ತೆಂಗಿನಹಾಲಿನಲ್ಲಿ ಸಾರು ಮಾಡಿದೆನು. ಅಳಿಯಂದಿರು ಇಲಾಖೆಯ ಮಿತಿಯನ್ನು ನೋಡಿ, ಇಷ್ಟು ಸಾಕೆಂದರು.

ಮಗಳು ಮೊದಲ ತುತ್ತನ್ನು ಅನುಮಾನಿಸುತ್ತ ಬಾಯಿಗಿಟ್ಟಳು. ಎರಡನೆಯದಕ್ಕೆ ಅನುಮಾನವಿರಲಿಲ್ಲ. “ತಾಟೆಯಲ್ಲ ಅಮ್ಮ, ಆದರೂ ಸಮುದ್ರದ್ದೇ ಏನೋ ಒಂದು ಇದೆ” ಎಂದಳು. ನಾನು ಮತ್ತಷ್ಟು ಅನ್ನ ಬಡಿಸಿದೆನು.

ಖಾಲಿಯಾದ ಬಕೀಟನ್ನು ಹಿಂದಿರುಗಿಸುವಾಗ ಮುದುಕರಿಗೂ ಒಂದು ಬಟ್ಟಲು ಸಾರನ್ನು ಕಳುಹಿಸಿದೆನು. ಮೆಣಸಿನ ಖಾರಕ್ಕೆ ಅವರ ಕಣ್ಣಿನಲ್ಲಿ ನೀರು ಬಂದಿತಂತೆ. ಬಟ್ಟಲು ಮಾತ್ರ ತೊಳೆದಂತೆ ಬರಿದಾಗಿ ಬಂದಿತು.

ಸೋದರಿಯರೇ, ತಿರಸ್ಕರಿಸುವುದಕ್ಕೆ ಒಂದು ನೋಟವು ಸಾಕಾಗುತ್ತದೆ. ಗುರುತಿಸಬೇಕಾದರೆ ಹತ್ತಿರ ಕುಳಿತು, ಮೀಸೆ ಎಷ್ಟು, ರೆಕ್ಕೆ ಎಷ್ಟು ಎಂದು ಎಣಿಸಬೇಕು. ಆ ದಿನ ನಾನು ಅಷ್ಟು ಹೊತ್ತು ಕುಳಿತುದರಿಂದ ಒಂದು ಮೀನಿನ ಹೆಸರನ್ನು ಕಲಿತೆನು. ನನ್ನ ಮಗಳನ್ನೂ ಸ್ವಲ್ಪ ಹೆಚ್ಚಾಗಿ ಅರಿತುಕೊಂಡೆನು.