ಊರಿನ ಕರೆಂಟಿಗೆ ಸುತ್ತಿದ ಟ್ರಾನ್ಸ್‌ಫಾರ್ಮರ್

ಮನೆಯಲ್ಲೇ ಕಟ್ಟಿದ ಆಂಪ್ಲಿಫೈಯರ್ ಅಂದರೆ ಜನಕ್ಕೆ ನೆನಪಾಗುವುದು ಅದರ ಬಾಸು, ದೊಡ್ಡ ಸ್ಪೀಕರು. ಆದರೆ ಬಸವಕಲ್ಯಾಣ, ಹುಮನಾಬಾದಿನ ರೇಡಿಯೋ ಮೆಕ್ಯಾನಿಕ್‌ಗಳ ಕೈಚಳಕ ಕಾಣುತ್ತಿದ್ದದ್ದು ಡಬ್ಬಿಯ ಮೂಲೆಯ ಪವರ್ ಸಪ್ಲೈಯಲ್ಲಿ. ಈಗ ಕಾಣೆಯಾಗುತ್ತಿರುವುದೂ ಅದೇ.

ಬೋರ್ಡು ದೊಡ್ಡ ಮಾತಲ್ಲ. ಟಿಡಿಎ 2030 ಎಂಬ ಐದು ಕಾಲಿನ ಐಸಿ, ನಾಲ್ಕಾರು ರೆಸಿಸ್ಟರು. ಹೈದರಾಬಾದಿಗೆ ಹೊರಟವರ ಕೈಯಲ್ಲಿ ಚೀಟಿ ಕೊಟ್ಟರೆ ಕೋಟಿಯ ಗುಜರಾತಿ ಗಲ್ಲಿಯಿಂದ ಬಂದುಬಿಡುತ್ತಿದ್ದವು. ಪಂಚಾಯಿತಿ ಇದ್ದದ್ದು ಕರೆಂಟಿನ ಜೊತೆಗೆ. 12-0-12 ಟ್ರಾನ್ಸ್‌ಫಾರ್ಮರಿನ 12 ವೋಲ್ಟು, ಡಯೋಡ್ ಬ್ರಿಡ್ಜ್ ದಾಟಿ 4700 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ ತುಂಬಿಕೊಂಡಾಗ 1.41 ಪಟ್ಟಾಗುತ್ತದೆ. ಡಯೋಡಿನ ಪಾಲು ಕಳೆದರೆ ಪ್ಲಸ್, ಮೈನಸ್ ಎರಡೂ ಕಡೆ ಸುಮಾರು 16. ಐಸಿ ತಾಳುವುದು 18ರವರೆಗೆ. ಪುಸ್ತಕದ ಲೆಕ್ಕ ಇಷ್ಟೇ, ಆದರೆ ಅದು 230 ವೋಲ್ಟಿನ ಲೆಕ್ಕ. ನಮ್ಮ ಕಡೆ ಸಂಜೆ ಬಲ್ಬು ಕೆಂಪಗೆ ಮಿಣುಕುತ್ತಿತ್ತು. ಪಂಪ್‌ಸೆಟ್‌ಗಳೆಲ್ಲ ನಿಂತ ನಡುರಾತ್ರಿ ಅದೇ ಲೈನು ಒಮ್ಮೊಮ್ಮೆ 260ಕ್ಕೆ ಏರುತ್ತಿತ್ತು. ಆಗ ಐಸಿಗೆ 18 ದಾಟಿ ಬಡಿಯುತ್ತದೆ. ಭಜನೆ ರಂಗೇರುವುದೂ ಆ ಹೊತ್ತಿಗೇ!

ಅದಕ್ಕೇ ಬಲ್ಲವರು ರೆಡಿಮೇಡ್ ಟ್ರಾನ್ಸ್‌ಫಾರ್ಮರಿಗೆ ಕೈಹಾಕುತ್ತಿರಲಿಲ್ಲ. ಸುಟ್ಟ ಸ್ಟೆಬಿಲೈಸರಿನ ಕಬ್ಬಿಣದ ಪಟ್ಟಿಗಳನ್ನು ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಸೆಕೆಂಡರಿಯಲ್ಲಿ ಬೇಕೆಂದೇ ಕೆಲವು ಸುತ್ತು ಕಡಿಮೆ ಮಾಡುತ್ತಿದ್ದರು. ಸಂಜೆ ಸದ್ದು ತುಸು ತಗ್ಗಿದರೂ ಚಿಂತೆಯಿಲ್ಲ, ರಾತ್ರಿ ಐಸಿ ಉಳಿಯಬೇಕು. ಇದನ್ನು ಯಾವ ಕಂಪನಿಯೂ ಮಾಡಿಕೊಡದು. ಊರಿನ ಕರೆಂಟಿನ ಗುಣ ಊರಿನವನಿಗೇ ಗೊತ್ತು.

ಹೊಸ ಸಪ್ಲೈಯನ್ನು ನೇರ ಪ್ಲಗ್ಗಿಗೆ ಹಾಕುವವನು ಹುಂಬ. ಮೊದಲು ಸೀರೀಸ್ ಬೋರ್ಡು, ಅಂದರೆ ಕರೆಂಟು ಒಂದು ಬಲ್ಬನ್ನು ಹಾದೇ ಸಪ್ಲೈಗೆ ಹೋಗಬೇಕು. ಸ್ವಿಚ್ ಒತ್ತಿದೊಡನೆ 100 ವ್ಯಾಟಿನ ಬಲ್ಬು ಫಕ್ಕನೆ ಬೆಳಗಿ ಆರಿದರೆ ಕೆಪಾಸಿಟರುಗಳು ಹೊಟ್ಟೆ ತುಂಬಿಸಿಕೊಂಡವು ಎಂದರ್ಥ. ಆರದೆ ಹಾಗೇ ಉರಿದರೆ ಎಲ್ಲೋ ಶಾರ್ಟು. ಸುತ್ತ ನಿಂತ ಹುಡುಗರೆಲ್ಲ ಆ ಒಂದು ಗಳಿಗೆ ಬಲ್ಬನ್ನೇ ದಿಟ್ಟಿಸುತ್ತಿದ್ದೆವು.

ಆಮೇಲೆ ಕಿವಿಯ ಪರೀಕ್ಷೆ. ಹಾಡು ಹಾಕದೆ ಸ್ಪೀಕರಿಗೆ ಕಿವಿಗೊಟ್ಟರೆ ಗುಂಯ್ ಅನ್ನಬಾರದು. ಲೈನಿನದು ಸೆಕೆಂಡಿಗೆ 50 ಆವರ್ತ. ಬ್ರಿಡ್ಜ್ ದಾಟಿದ ಮೇಲೆ ಏರಿಳಿತ 100. ಮೀಟರು ಮುಟ್ಟುವ ಮೊದಲೇ ಎರಡರ ವ್ಯತ್ಯಾಸ ಹಿಡಿದು, 50ರ ಗುಂಯ್ ಕೇಳಿದರೆ ಹೀಗೆನ್ನುವವರಿದ್ದರು: “ಏ ತಮ್ಮಾ, ಇದು ಕೆಪಾಸಿಟರ್‌ದಲ್ಲ. ನಿನ್ನ ಅರ್ಥ್ ಎರಡು ಕಡಿ ಕೂಡ್ಲತದ ನೋಡು, ಒಂದೇ ಕಡಿ ತಂದ್ ಕಟ್ಟು.” ಹುಮನಾಬಾದಿನ ಪಕ್ಕದ ಮಾಣಿಕನಗರದ ದತ್ತಜಯಂತಿಯ ಸಂಗೀತ ಕೇಳಿ ಪಳಗಿದ ಕಿವಿಗಳವು. ತಂಬೂರಿಯ ಅಡಿಯಲ್ಲಿ ಆಂಪ್ಲಿಫೈಯರು ಬೇರೊಂದು ಶ್ರುತಿ ಹಿಡಿದರೆ ಸಹಿಸುತ್ತಿರಲಿಲ್ಲ.

ಈಗ ಎಸ್‌ಎಂಪಿಎಸ್ ಕಾಲ. ಅಂಗೈಯಗಲದ ಬೋರ್ಡು, ಕಡಲೆಕಾಯಿಯಷ್ಟು ಹಗುರ. ಲೈನನ್ನು ನೇರವಾಗಿ ಡಿಸಿ ಮಾಡಿ, ಸೆಕೆಂಡಿಗೆ ಸಾವಿರಾರು ಸಲ ಕಡಿದು, ಪುಟ್ಟ ಫೆರೈಟ್ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸುತ್ತದೆ. ಒಳ್ಳೆಯದಾದರೆ 90ರಿಂದ 264 ವೋಲ್ಟಿನವರೆಗೂ ಜಗ್ಗದು. ನಮ್ಮವರು ಸುತ್ತು ಎಣಿಸಿ ಪಡೆದಿದ್ದನ್ನು ಅದು ಸಲೀಸಾಗಿ ಮಾಡುತ್ತದೆ, ಇನ್ನೂ ಚೆನ್ನಾಗಿಯೇ ಮಾಡುತ್ತದೆ. ಸುಳ್ಳೇಕೆ ಹೇಳಲಿ? ಸಂಕಟ ಬೇರೆ. ಕೆಟ್ಟರೆ ಯಾರೂ ಬಿಚ್ಚುವುದಿಲ್ಲ. ಎರಡೂ ಊರಿನಲ್ಲಿ ಬೆಸುಗೆಯ ಹೊಗೆ ಆಡುತ್ತಿದ್ದ ಅಂಗಡಿಗಳ ಮುಂದೆ ಮೊಬೈಲ್ ಕವರುಗಳು ತೂಗುತ್ತಿವೆ. “ಹೊಸದ್ ಹಾಕ್ರಿ” ಅನ್ನುವುದೇ ರಿಪೇರಿ.

ಸುತ್ತಿದ ಟ್ರಾನ್ಸ್‌ಫಾರ್ಮರುಗಳು ಈಗ ಗುಜರಿಗೆ ಹೋಗುತ್ತವೆ. ಗುಜರಿಯವನು ತಂತಿಯ ಮೇಲಿನ ವಾರ್ನಿಷ್ ಕೆರೆದು ನೋಡುತ್ತಾನೆ. ತಾಮ್ರವಾದರೆ ತೂಗುತ್ತಾನೆ, ಅಲ್ಯೂಮಿನಿಯಂ ಆದರೆ ಕಬ್ಬಿಣದ ರೇಟು ಹೇಳುತ್ತಾನೆ. ಅದರಲ್ಲಿ ಎಷ್ಟು ಸುತ್ತು, ಯಾಕೆ ಕಡಿಮೆ ಎಂದು ಅವನಿಗೆ ಹೇಳಹೋದರೆ ನಗುತ್ತಾನೆ. ಮನೆಯ ಮಕ್ಕಳೂ ಅಷ್ಟೇ.